ಮೊಟ್ಟೆಯಲ್ಲಿ ಸಿಕ್ಕಿದ್ದು ಒಂದು, ತೋಟದಲ್ಲಿ ನಡೆದದ್ದು ಇನ್ನೊಂದು

ಇದು ಸೋಮವಾರಪೇಟೆ ಕಡೆಯ ಒಂದು ಕಾಫಿ ತೋಟದಲ್ಲಿ ಹಕ್ಕಿಯ ಮೊಟ್ಟೆಗಳು ಏಕೆ ಮರಿಯಾಗುತ್ತಿಲ್ಲ ಎಂದು ಮೂರು ವರ್ಷ ಹುಡುಕಿದ ವಿಷಯ. ತೋಟದ ಹೆಸರು, ಊರು, ಎಕರೆ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಾರದೆಂದು ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ತೋಟದ ಮಾಲೀಕರನ್ನು ಯಜಮಾನರು ಎನ್ನುತ್ತೇನೆ. ಅಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುವ ಒಬ್ಬ ಹೆಂಗಸು ಇದ್ದಾರೆ, ಅವರನ್ನು ಅಕ್ಕ ಎನ್ನುತ್ತೇನೆ. ತೋಟದಲ್ಲೂ ಎಲ್ಲರೂ ಹಾಗೇ ಕರೆಯುವುದು. ಮೂರನೆಯವಳು ನನ್ನ ಹಳೆಯ ವಿದ್ಯಾರ್ಥಿನಿ, ಈಗ ಹಕ್ಕಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ. ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಹಕ್ಕಿ ನೋಡುವುದು ನನ್ನ ಭಾನುವಾರದ ಹುಚ್ಚು.

ಏರಿನ ಅರೇಬಿಕಾ, ಗದ್ದೆ ಬದಿಯ ರೋಬಸ್ಟಾ

ತೋಟದಲ್ಲಿ ಎರಡು ಜಾತಿಯ ಕಾಫಿ, ಎರಡು ಭಾಗ. ಮೇಲಿನ ಏರಿನಲ್ಲಿ ಅರೇಬಿಕಾ ಇದೆ. ಕೆಳಗೆ ಮನೆ, ಕಣ, ಗದ್ದೆಯ ಸುತ್ತ ರೋಬಸ್ಟಾ. ಹಿಂದೆ ಏರಿನಲ್ಲಿ ಅತ್ತಿ, ಹಲಸು, ನೇರಳೆಯ ನೆರಳಿತ್ತಂತೆ. ಈಗ ಜಾಸ್ತಿ ಇರುವುದು ಸಿಲ್ವರ್ ಓಕ್. ಆಸ್ಟ್ರೇಲಿಯಾ ಮೂಲದ ಈ ಮರಕ್ಕೆ ಮೆಣಸಿನ ಬಳ್ಳಿ ಚೆನ್ನಾಗಿ ಹಬ್ಬುತ್ತದೆ, ಮರ ಕಡಿದು ಮಾರುವುದೂ ಸಲೀಸು. ಆದರೆ ನೆಟ್ಟಗೆ ಬೆಳೆದ ಎಳೆ ಮರದಲ್ಲಿ ಪೊಟರೆ ಎಲ್ಲಿಂದ ಬರಬೇಕು? ಪೊಟರೆಯಲ್ಲಿ ಗೂಡು ಕಟ್ಟುವ ಹಕ್ಕಿಗಳಿಗೆ ಮನೆಯಿಲ್ಲ ಎಂದು ನಾನು ಹಳೇ ಹಲಗೆಗಳಿಂದ 16 ಪೆಟ್ಟಿಗೆ ಮಾಡಿಸಿದೆ. 9 ಪೆಟ್ಟಿಗೆ ಮೇಲಿನ ಏರಿನಲ್ಲಿ, 7 ಕೆಳಗೆ.

ಯಜಮಾನರು ಮೊದಲು ನಕ್ಕರು. "ಮೇಷ್ಟ್ರೇ, ಹಕ್ಕಿಗೂ ಲೈನ್ ಮನೆ ಕಟ್ಟಿಸ್ತಿದ್ದೀರಾ?" ಎಂದರು. (ತೋಟದ ಆಳುಗಳ ಸಾಲುಮನೆಗೆ ಇಲ್ಲಿ ಲೈನ್ ಮನೆ ಎನ್ನುತ್ತಾರೆ.) ಆಮೇಲೆ ಏಣಿ ಕೊಟ್ಟು, ಒಬ್ಬ ಆಳನ್ನೂ ಕಳಿಸಿದರು.

ಪೆಟ್ಟಿಗೆಗೆ ಮೊದಲು ಬಂದದ್ದು ಮಡಿವಾಳ ಹಕ್ಕಿ. ಕಪ್ಪು ಬಿಳುಪಿನ ಗಂಡು, ಬೂದು ಬಣ್ಣದ ಹೆಣ್ಣು. ನಮ್ಮ ಅಂಗಳದಲ್ಲಿ ಬೆಳಗ್ಗೆ ಬಾಲ ಎತ್ತಿಕೊಂಡು ಸಿಳ್ಳೆ ಹಾಕುವುದು ಇದೇ. ಮಾರ್ಚಿನಿಂದ ಜುಲೈವರೆಗೆ ಗೂಡಿನ ಕಾಲ. ಸಾಮಾನ್ಯವಾಗಿ ನಾಲ್ಕೈದು ಮೊಟ್ಟೆ, ದಿನಕ್ಕೆ ಒಂದರಂತೆ ಇಡುತ್ತದೆ. ಕಾವು ಕೂರುವುದು ಹೆಣ್ಣು ಮಾತ್ರ, ಸುಮಾರು ಎರಡು ವಾರ. ಊಟವೆಲ್ಲ ನೆಲದ ಮೇಲೆ, ಗಿಡದ ಬುಡದಲ್ಲಿ ಸಿಗುವ ಹುಳುಹುಪ್ಪಟೆ.

ಅರೇಬಿಕಾ ಬೆಳೆದವರಿಗೆ ಬೋರರ್ ಅಂದರೆ ಹೊಟ್ಟೆಯಲ್ಲಿ ಸಂಕಟ. ಪುಸ್ತಕದಲ್ಲಿ ಇದಕ್ಕೆ ಬಿಳಿ ಕಾಂಡಕೊರಕ ಎಂದು ಹೆಸರು. ಬಿಸಿಲು ಬೀಳುವ ಕಾಂಡದ ತೊಗಟೆಯ ಬಿರುಕಿನಲ್ಲಿ ದುಂಬಿ ಮೊಟ್ಟೆ ಇಡುತ್ತದೆ. ಹುಳು ಒಳಗೆ ಕೊರೆಯುತ್ತಾ ಹೋಗುತ್ತದೆ. ಎಲೆ ಹಳದಿಯಾದಾಗ ಗಿಡ ಕೈಬಿಟ್ಟಂತೆಯೇ. ದುಂಬಿ ಹಾರುವುದು ವರ್ಷಕ್ಕೆ ಎರಡು ಸಲ: ಏಪ್ರಿಲ್-ಮೇ ಒಂದು, ಅಕ್ಟೋಬರಿನಿಂದ ಡಿಸೆಂಬರ್ ಇನ್ನೊಂದು. ಹಿಂದೆ ಇದಕ್ಕೆ ಕಾಂಡಕ್ಕೆಲ್ಲ ಬಿಎಚ್‌ಸಿ, ಲಿಂಡೇನ್ ಎಂಬ ಕೀಟನಾಶಕಗಳನ್ನು ಬಳಿಯುತ್ತಿದ್ದರು. ಭಾರತದಲ್ಲಿ ಬಿಎಚ್‌ಸಿ 1997ರಲ್ಲಿ ನಿಂತಿತು, ಲಿಂಡೇನ್ 2013ರಲ್ಲಿ. ಆಮೇಲೆ ಆ ಜಾಗಕ್ಕೆ ಬಂದದ್ದು ಕ್ಲೋರ್‌ಪೈರಿಫಾಸ್. ಈ ತೋಟದಲ್ಲೂ ಕಾಫಿ ಹೂ ಅರಳಿಸುವ ಹೂಮಳೆ ಮುಗಿದು ಏಪ್ರಿಲ್ ಬಂತೆಂದರೆ ಏರಿನ ಪ್ರತಿ ಗಿಡದ ಕಾಂಡಕ್ಕೂ ಅದೇ.

ಏಪ್ರಿಲ್ ಅಂದರೆ ಮಡಿವಾಳ ಮೊಟ್ಟೆ ಇಡುವ ಕಾಲವೂ ಹೌದಲ್ವಾ? ಆಗ ನನಗೆ ಅದು ಹೊಳೆದಿರಲಿಲ್ಲ.

ಮರಿಯಾಗದ ಮೊಟ್ಟೆಗಳು

ಮೊದಲ ವರ್ಷ ಏರಿನಲ್ಲಿ 6 ಗೂಡು, 25 ಮೊಟ್ಟೆ. ಮರಿಯಾದದ್ದು 8. ಕೆಳಗಿನ ರೋಬಸ್ಟಾದಲ್ಲಿ 5 ಗೂಡು, 21 ಮೊಟ್ಟೆ. ಮರಿಯಾದದ್ದು 17.

ಮೇಲಿನ ಮೊಟ್ಟೆಗಳನ್ನು ಯಾರೂ ಕದ್ದಿರಲಿಲ್ಲ. ಹಾಗೇ ತಣ್ಣಗೆ ಬಿದ್ದಿದ್ದವು. ಎರಡು ಗೂಡುಗಳಲ್ಲಿ ಹೆಣ್ಣು ಹಕ್ಕಿ ಕಾವನ್ನು ಅರ್ಧಕ್ಕೇ ಬಿಟ್ಟು ಹೋಗಿತ್ತು.

ಅನುಮಾನ ಪಡಬೇಕಾದವರ ಪಟ್ಟಿ ಉದ್ದ ಇತ್ತು. ಕೇರೆ ಹಾವು, ಕೆಂಬೂತ, ಅಳಿಲು. ಮೇಲೆ ಗಾಳಿ ಜಾಸ್ತಿ, ರಾತ್ರಿ ಚಳಿಯೂ ಜಾಸ್ತಿ. ಆ ಪಟ್ಟಿಯ ಮೇಲ್ತುದಿಯಲ್ಲಿ ನನ್ನ ಹೆಸರೇ ಇರಬೇಕಿತ್ತು. ಉತ್ಸಾಹದಲ್ಲಿ ನಾನು ದಿನ ಬಿಟ್ಟು ದಿನ ಏಣಿ ಹತ್ತಿ ಪೆಟ್ಟಿಗೆ ತೆಗೆದು ನೋಡುತ್ತಿದ್ದೆ. ಕಾವು ಕೂತ ಹಕ್ಕಿಯನ್ನು ಹೀಗೆ ಎಬ್ಬಿಸಿದರೆ ಅದು ಗೂಡು ಬಿಟ್ಟರೆ ಆಶ್ಚರ್ಯವಿಲ್ಲ. ಆದರೆ ಕೆಳಗಿನ ಪೆಟ್ಟಿಗೆಗಳನ್ನೂ ಅಷ್ಟೇ ಸಲ ತೆಗೆದಿದ್ದೆ. ಅಲ್ಲಿ ಮರಿಯಾಗಿದ್ದವು. ನನ್ನ ತಪ್ಪು ತಪ್ಪೇ, ಆದರೆ ಮೇಲು ಕೆಳಗಿನ ವ್ಯತ್ಯಾಸಕ್ಕೆ ಅದೊಂದೇ ಉತ್ತರವಾಗಲಿಲ್ಲ.

ಎರಡನೇ ವರ್ಷ ನೋಡುವುದನ್ನು ಐದು ದಿನಕ್ಕೆ ಒಮ್ಮೆ ಮಾಡಿದೆ. ಮರಗಳಿಗೆ ಹಾವು ಹತ್ತದಂತೆ ತಗಡು ಸುತ್ತಿಸಿದೆವು. ಪೆಟ್ಟಿಗೆಗಳನ್ನು ಗಾಳಿಗೆ ಬೆನ್ನು ಮಾಡಿ ತಿರುಗಿಸಿದೆವು. ವಿದ್ಯಾರ್ಥಿನಿ ನಾಣ್ಯದಷ್ಟು ಸಣ್ಣ ತಾಪಮಾಪಕಗಳನ್ನು ತಂದು ಗೂಡಿನ ತಳದಲ್ಲಿ ಇಟ್ಟಳು. ಹತ್ತು ನಿಮಿಷಕ್ಕೊಮ್ಮೆ ಅದು ತಾನಾಗಿಯೇ ಬಿಸಿಯನ್ನು ಬರೆದುಕೊಳ್ಳುತ್ತದೆ. ಹಕ್ಕಿ ಕೂತಿದ್ದರೆ ಗೆರೆ ಮೇಲೆ, ಎದ್ದು ಹೋದರೆ ಕೆಳಗೆ. ಪದೇ ಪದೇ ಏಣಿ ಹತ್ತುವ ಕೆಲಸವಿಲ್ಲ.

ಆ ವರ್ಷವೂ ಏರಿನಲ್ಲಿ 29 ಮೊಟ್ಟೆಗೆ 11 ಮರಿ. ಕೆಳಗೆ ಹಿಂದಿನ ವರ್ಷದಂತೆಯೇ ಚೆನ್ನಾಗಿತ್ತು.

ಎಲ್ಲರಿಗೂ ಗೊತ್ತಿರುವ ಕಥೆ

ರಾಸಾಯನಿಕ ಮತ್ತು ಹಕ್ಕಿಯ ಮೊಟ್ಟೆ ಅಂದಕೂಡಲೇ ಓದಿದವರೆಲ್ಲರ ತಲೆಗೆ ಬರುವುದು ಡಿಡಿಟಿ ಎಂಬ ಕೀಟನಾಶಕ. ನನಗೂ ಅದೇ ಬಂತು. ಎಂಟು ತಿಂಗಳು ಹಾಳಾದದ್ದು ಅದರಿಂದಲೇ.

ಆ ಕಥೆ ನಿಜ, ಅದರಲ್ಲಿ ಸುಳ್ಳಿಲ್ಲ. ಬ್ರಿಟನ್ನಿನಲ್ಲಿ ಪೆರಿಗ್ರಿನ್ ಡೇಗೆ ಎಂಬ ಬೇಟೆ ಹಕ್ಕಿಗಳ ಮೊಟ್ಟೆ ಗೂಡಿನಲ್ಲೇ ಒಡೆಯುತ್ತಿದ್ದವು. ಡೆರೆಕ್ ರ್‍ಯಾಟ್‌ಕ್ಲಿಫ್ ಎಂಬ ವಿಜ್ಞಾನಿ ಹಳೆಯ ಸಂಗ್ರಹಗಳಲ್ಲಿದ್ದ ಮೊಟ್ಟೆಗಳ ಚಿಪ್ಪನ್ನು ತೂಗಿ ಅಳೆದರು. ಡಿಡಿಟಿ ಬಳಕೆಗೆ ಬಂದ ಕಾಲದಿಂದ, ಅಂದರೆ ಸುಮಾರು 1947ರಿಂದ, ಚಿಪ್ಪು ತೆಳುವಾಗಿದ್ದು ಕಂಡಿತು. 1967ರಲ್ಲಿ ಅದನ್ನು ಪ್ರಕಟಿಸಿದರು. ಡಿಡಿಟಿ ಮೈಯೊಳಗೆ ಒಡೆದು ಡಿಡಿಇ ಆಗುತ್ತದೆ. ಮೊಟ್ಟೆಗೆ ಚಿಪ್ಪು ಕಟ್ಟುವ ಗ್ರಂಥಿಯಲ್ಲಿ ರಕ್ತದ ಸುಣ್ಣದಂಶ ಚಿಪ್ಪಿಗೆ ಸಾಗುವ ದಾರಿಯನ್ನೇ ಡಿಡಿಇ ತಡೆಯುತ್ತದೆ. ಅಮೆರಿಕ 1972ರಲ್ಲಿ ಡಿಡಿಟಿ ನಿಲ್ಲಿಸಿತು. ಡೇಗೆಗಳು ನಿಧಾನವಾಗಿ ಚೇತರಿಸಿಕೊಂಡು 1999ರಲ್ಲಿ ಅಲ್ಲಿನ ಅಪಾಯದ ಪಟ್ಟಿಯಿಂದ ಹೊರಬಂದವು. ಭಾರತದಲ್ಲಿ ಕೃಷಿಗೆ ಡಿಡಿಟಿ ನಿಂತದ್ದು 1989ರಲ್ಲಿ.

ಈ ಕಥೆ ತಲೆಯಲ್ಲಿ ಕೂತಿದ್ದರಿಂದ ನಾವು ಮೊಟ್ಟೆಯನ್ನೇ ನೋಡುತ್ತಾ ಕೂತೆವು, ಸುತ್ತ ಏನು ನಡೆಯುತ್ತಿದೆ ಎಂದು ನೋಡಲಿಲ್ಲ. ತೋಟದಲ್ಲಿ ಇನ್ನೊಂದು ಘಟನೆ ನಡೆದಿತ್ತು. 2018ರ ಆಗಸ್ಟಿನ ಮಳೆಯಲ್ಲಿ, ಕೊಡಗಿನ ಗುಡ್ಡಗಳು ಜರಿದ ಆ ವಾರದಲ್ಲಿ, ಹಳೇ ಶೆಡ್ಡಿನ ಒಂದು ಗೋಡೆ ಬಿದ್ದಿತ್ತು. ಒಳಗೆ ಯಜಮಾನರ ತಂದೆಯ ಕಾಲದ ಬಿಳಿ ಪುಡಿಯ ಚೀಲಗಳು. ಚೀಟಿ ಅರ್ಧ ಗೆದ್ದಲು ತಿಂದಿತ್ತು. ವಾಸನೆ ನೋಡಿಯೇ ಹಳಬರು "ಗ್ಯಾಮಾಕ್ಸಿನ್" ಎಂದರು. ಬಿಎಚ್‌ಸಿಯನ್ನು ಇಲ್ಲಿ ಹಾಗೆ ಕರೆಯುತ್ತಿದ್ದರು. ಮಳೆ ನೀರು ಆ ಶೆಡ್ಡಿನ ಮೂಲಕ ಹರಿದು ತೋಡು ಸೇರಿತ್ತು. ಕೊಲೆಗಾರ ಸಿಕ್ಕಿದನೆಂದೇ ನಾನು ತಿಳಿದೆ.

ಮೊಟ್ಟೆ ತೆಗೆಯುವ ಮೊದಲು

ಇಲ್ಲಿ ಒಂದು ನಿರ್ಧಾರದ ಬಗ್ಗೆ ಹೇಳಲೇಬೇಕು. ಮರಿಯಾಗದ ಮೊಟ್ಟೆಯನ್ನು ಡಬ್ಬಿಗೆ ಹಾಕಿ ಬಸ್ಸಿನಲ್ಲಿ ಲ್ಯಾಬಿಗೆ ಕಳಿಸುವುದು ನನ್ನ ಯೋಚನೆಯಾಗಿತ್ತು. ವಿದ್ಯಾರ್ಥಿನಿ ತಡೆದಳು. "ಸರ್, 1972ರ ವನ್ಯಜೀವಿ ಕಾಯ್ದೆಯಲ್ಲಿ ಕಾಡುಹಕ್ಕಿಯ ಮೊಟ್ಟೆ ತೆಗೆಯೋದು, ಗೂಡು ಕೆಡಿಸೋದು ಬೇಟೆ ಅಂತಲೇ ಲೆಕ್ಕ. ತಣ್ಣಗಾದ ಮೊಟ್ಟೆ ಅಂತ ನಾವು ಹೇಳಿದ್ರೆ ಯಾರು ನಂಬ್ತಾರೆ?" ಅವಳು ತನ್ನ ಸಂಸ್ಥೆಯ ಮೂಲಕ ಅನುಮತಿ ಪಡೆದಳು. ಅದಕ್ಕೆ ನಾಲ್ಕು ತಿಂಗಳು ಹಿಡಿಯಿತು. ನನಗೆ ಸಿಟ್ಟು ಬಂದಿತ್ತು. ಈಗ ಅನಿಸುತ್ತದೆ, ಆ ನಾಲ್ಕು ತಿಂಗಳು ಕಾಯದಿದ್ದರೆ ಈ ಕೆಲಸವನ್ನು ಯಾರ ಮುಂದೆಯೂ ಇಡುವಂತಿರಲಿಲ್ಲ. ಪೆಟ್ಟಿಗೆ ತೂಗುಹಾಕುವ ಮೇಷ್ಟ್ರುಗಳು ಈ ಮಾತನ್ನು ಗಮನಿಸಬೇಕು.

ಎರಡನೇ ವರ್ಷದ ಮರಿಯಾಗದ ಮೊಟ್ಟೆಗಳು ಹೋದವು. ಮೂರು ಉತ್ತರ ಬಂದವು.

ಚಿಪ್ಪಿನ ದಪ್ಪ ಮೇಲಿನದೂ ಕೆಳಗಿನದೂ ಒಂದೇ. ತೆಳುವಾಗಿರಲಿಲ್ಲ.

ಒಳಗೆ ಡಿಡಿಇ ಮತ್ತು ಬಿಎಚ್‌ಸಿಯ ಜಾಡು ಇತ್ತು. ಬಹಳ ಕಡಿಮೆ, ಆದರೆ ಇತ್ತು. ಕ್ಲೋರ್‌ಪೈರಿಫಾಸ್ ಸಿಗಲಿಲ್ಲ.

ಮೂರನೆಯದನ್ನು ನಾನು ಆ ದಿನ ಸರಿಯಾಗಿ ಓದಲೇ ಇಲ್ಲ: ಅರ್ಧಕ್ಕಿಂತ ಜಾಸ್ತಿ ಮೊಟ್ಟೆಗಳಲ್ಲಿ ಭ್ರೂಣ ಸ್ವಲ್ಪ ದೂರ ಬೆಳೆದು ನಿಂತುಬಿಟ್ಟಿತ್ತು.

ವರದಿ ನೋಡಿ ಯಜಮಾನರ ಮುಖ ಅರಳಿತು. "ನೋಡಿ ಮೇಷ್ಟ್ರೇ, ಇದು ನಮ್ಮಪ್ಪನ ಕಾಲದ್ದು. ನಾನು ಹೊಡೆಸಿದ್ದು ಇದರಲ್ಲಿ ಇಲ್ವೇ ಇಲ್ಲ." ನಾನೂ ತಲೆಯಾಡಿಸಿದೆ. ಕಾಗದ ಹಾಗೇ ಹೇಳುತ್ತಿತ್ತಲ್ವಾ?

ವರದಿಯನ್ನು ಎರಡನೇ ಸಲ ಓದಿದ್ದು

ನಮ್ಮಿಬ್ಬರ ಸಂಭ್ರಮಕ್ಕೆ ತಣ್ಣೀರು ಎರಚಿದ್ದು ವಿದ್ಯಾರ್ಥಿನಿ. ಅವಳು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ.

ಡಿಡಿಇ, ಬಿಎಚ್‌ಸಿ ಕೊಬ್ಬಿನಲ್ಲಿ ಕರಗಿ ಕೂರುವ ವಸ್ತುಗಳು. ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತವೆ. ಹುಳದಿಂದ ಹಕ್ಕಿಗೆ, ಹಕ್ಕಿಯಿಂದ ಮೊಟ್ಟೆಯ ಹಳದಿಗೆ ಹೋಗುತ್ತವೆ. ಹಾಗಾಗಿ ಹುಡುಕಿದರೆ ಸಿಕ್ಕೇ ಸಿಗುತ್ತವೆ. ಸಿಕ್ಕಿತು ಅಂದಮಾತ್ರಕ್ಕೆ ಕೊಂದದ್ದು ಅದೇ ಅನ್ನುವಂತಿಲ್ಲ. ಅದರ ಮೇಲೆ, ಡಿಡಿಇಗೆ ಚಿಪ್ಪು ತೆಳುವಾಗುವುದು ಎಲ್ಲ ಹಕ್ಕಿಗಳಲ್ಲೂ ಒಂದೇ ಥರ ಅಲ್ಲ. ಡೇಗೆ, ಹದ್ದು, ಪೆಲಿಕನ್‌ನಂಥ ಬೇಟೆ ಹಕ್ಕಿ, ಮೀನುಗುಟುಕ ಹಕ್ಕಿಗಳಿಗೆ ಬಲು ಬೇಗ ತಟ್ಟುತ್ತದೆ. ಕೋಳಿ, ಲಾವುಗೆ ಮತ್ತು ಹಾಡುಹಕ್ಕಿಗಳ ಗುಂಪಿಗೆ ಅಷ್ಟು ತಟ್ಟುವುದಿಲ್ಲ. ನಾವು ಹಾಡುಹಕ್ಕಿಯ ಮೊಟ್ಟೆ ಹಿಡಿದುಕೊಂಡು ಡೇಗೆಯ ಕಥೆ ಹೇಳುತ್ತಿದ್ದೆವು.

ಕ್ಲೋರ್‌ಪೈರಿಫಾಸ್ ಜಾತಿ ಬೇರೆ. ಆರ್ಗನೋಫಾಸ್ಫೇಟ್ ಗುಂಪಿನದು. ಮೈಯೊಳಗೆ ಹೋದರೆ ಅದರ ಕೆಲಸ ಮುಗಿಸಿ ಕೆಲವೇ ದಿನಗಳಲ್ಲಿ ಒಡೆದು ಹೋಗುತ್ತದೆ. ವಾರಗಟ್ಟಲೆ ಗೂಡಿನಲ್ಲಿ ಬಿದ್ದಿದ್ದ ಮೊಟ್ಟೆಯಲ್ಲಿ ಅದು ಸಿಗದಿರುವುದೇ ಸಹಜ. ಉಳಿಯುವ ವಿಷ ಸಾಕ್ಷಿ ಬಿಡುತ್ತದೆ, ಉಳಿಯದ ವಿಷ ಬಿಡುವುದಿಲ್ಲ. ವರದಿಯಲ್ಲಿ ಹೆಸರು ಬಂದದ್ದು ಮೊದಲನೆಯದರದ್ದು ಮಾತ್ರ.

ಹಾಗಾದರೆ ಎರಡನೆಯದನ್ನು ಎಲ್ಲಿ ಹುಡುಕಬೇಕು? ಅವಳ ಉತ್ತರ: "ಕ್ಯಾಲೆಂಡರಿನಲ್ಲಿ, ಸರ್."

ಹಾರ್ಮೋನಿನ ಗಡಿಯಾರ

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಇಡೀ ಪ್ರಕರಣ ನಿಂತಿರುವುದು ಇದರ ಮೇಲೆ.

ದಿನ ಉದ್ದವಾಗುತ್ತದೆ, ಹೂಮಳೆ ಬೀಳುತ್ತದೆ, ಹುಳು ಜಾಸ್ತಿಯಾಗುತ್ತವೆ. ಸುದ್ದಿ ಹಕ್ಕಿಯ ಮೆದುಳಿಗೆ ಮುಟ್ಟುತ್ತದೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಗಂಡಿನಲ್ಲಿ ಟೆಸ್ಟೋಸ್ಟೆರಾನ್ ಏರಿ ಹಾಡು ಶುರುವಾಗುತ್ತದೆ. ಹೆಣ್ಣಿನ ಅಂಡಾಶಯ ಎಚ್ಚೆತ್ತು ಈಸ್ಟ್ರೋಜೆನ್ ಸುರಿಸುತ್ತದೆ. ಈಸ್ಟ್ರೋಜೆನ್ನಿನ ಮಾತು ಕೇಳಿ ಲಿವರ್ ಹಳದಿಗೆ ಬೇಕಾದ ಪ್ರೋಟೀನನ್ನು ತಯಾರಿಸುತ್ತದೆ. ಮೊಟ್ಟೆ ಇಟ್ಟ ಮೇಲೆ ಪ್ರೊಲ್ಯಾಕ್ಟಿನ್ ಎಂಬ ಇನ್ನೊಂದು ಹಾರ್ಮೋನು ಹೆಣ್ಣನ್ನು ಗೂಡಿನಲ್ಲಿ ಕೂರಿಸುತ್ತದೆ. ಒಂದು ಕೈಯಿಂದ ಇನ್ನೊಂದು ಕೈಗೆ ಇಟ್ಟಿಗೆ ದಾಟಿಸಿದಂತೆ ಇದು. ಮಧ್ಯೆ ಒಬ್ಬರು ಕೈಬಿಟ್ಟರೆ ಇಟ್ಟಿಗೆ ಗೋಡೆ ಸೇರುವುದಿಲ್ಲ.

ರಾಸಾಯನಿಕಗಳು ಈ ಸಾಲಿನಲ್ಲಿ ಬೇರೆ ಬೇರೆ ಕಡೆ ಕೈ ಹಾಕುತ್ತವೆ. ಕೆಲವು ಹಾರ್ಮೋನಿನ ವೇಷ ಹಾಕುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಇಬ್ಬರು ವಿಜ್ಞಾನಿಗಳು ಕಡಲಕ್ಕಿಯ ಮೊಟ್ಟೆಗೆ ಡಿಡಿಟಿ ಚುಚ್ಚಿದಾಗ ಗಂಡು ಭ್ರೂಣದ ವೃಷಣದಲ್ಲಿ ಅಂಡಾಶಯದ ಅಂಗಾಂಶ ಬೆಳೆಯಿತು. ಅದು 1981ರಲ್ಲಿ ಪ್ರಕಟವಾಯಿತು. ನಮ್ಮಲ್ಲಿ ಗಂಡಾಗಬೇಕಾದರೆ ಭ್ರೂಣಕ್ಕೆ ಟೆಸ್ಟೋಸ್ಟೆರಾನ್ ಬೇಕು. ಹಕ್ಕಿಗಳಲ್ಲಿ ಹೆಣ್ಣಾಗಬೇಕಾದರೆ ಈಸ್ಟ್ರೋಜೆನ್ ಬೇಕು. ಹಾಗಾಗಿ ಈಸ್ಟ್ರೋಜೆನ್ನಿನ ವೇಷದ ವಸ್ತು ಮೊಟ್ಟೆಯೊಳಗೆ ಸೇರಿದರೆ ಮೊದಲು ಕೆಡುವುದು ಗಂಡು.

ಆರ್ಗನೋಫಾಸ್ಫೇಟ್ ವೇಷ ಹಾಕುವುದಿಲ್ಲ. ಅದು ನರಗಳ ನಡುವೆ ಸಂದೇಶ ಮುಗಿದ ಮೇಲೆ ಗುಡಿಸಿ ಹಾಕುವ ಕಿಣ್ವವನ್ನು ಕಟ್ಟಿಹಾಕುತ್ತದೆ. ನರಗಳು ಗೊಂದಲಕ್ಕೆ ಬೀಳುತ್ತವೆ. ಪಿಟ್ಯುಟರಿಗೆ ಆಜ್ಞೆ ಬರುವುದು ಅದೇ ನರಗಳಿಂದ, ಹಾಗಾಗಿ ಹಾರ್ಮೋನೂ ಕೆಡುತ್ತದೆ. ಪ್ಯಾರಾಥಿಯಾನ್ ಎಂಬ ಇದೇ ಗುಂಪಿನ ಔಷಧಿಯನ್ನು ಬಾಬ್‌ವೈಟ್ ಎಂಬ ಲಾವುಗೆಗೆ ತಿನ್ನಿಸಿದಾಗ ಎಲ್‌ಎಚ್ ಇಳಿದು, ಮೊಟ್ಟೆ ಕಡಿಮೆಯಾದದ್ದನ್ನು 1982ರಲ್ಲೇ ತೋರಿಸಿದ್ದರು. ಮರುವರ್ಷ ಇನ್ನೊಂದು ಕೆಲಸ ಬಂತು. ಕಾವು ಕೂತಿದ್ದ ಕಡಲಕ್ಕಿಗಳಿಗೆ ಅದೇ ಔಷಧಿ ಕೊಟ್ಟರು. ಅವು ಸಾಯಲಿಲ್ಲ. ಎರಡನೇ, ಮೂರನೇ ದಿನ ಗೂಡಿನಲ್ಲಿ ಕೂರುವುದನ್ನು ಕಡಿಮೆ ಮಾಡಿದವು, ಅಷ್ಟೇ.

ಅಷ್ಟೇ ಅಂದರೆ ಸಾಕಲ್ವಾ? ಭ್ರೂಣಕ್ಕೆ ಆ ಎರಡು ದಿನದ ಚಳಿ ಸಾಕು.

ಆಗ ವರದಿಯ ಮೂರನೇ ಉತ್ತರ ನೆನಪಾಯಿತು. ಅರ್ಧ ಬೆಳೆದು ನಿಂತ ಭ್ರೂಣ. ಮೊಟ್ಟೆ ಕಟ್ಟುವುದರಲ್ಲಿ ತಪ್ಪಾಗಿರಲಿಲ್ಲ, ಕಾವಿನಲ್ಲಿ ತಪ್ಪಾಗಿತ್ತು.

ತಾಪಮಾಪಕದ ಗೆರೆಗಳನ್ನು ತೆಗೆದು, ತೋಟದ ಲೆಕ್ಕ ನೋಡುವ ರೈಟರ್ ಬರೆದಿಟ್ಟಿದ್ದ ದಿನಗೂಲಿ ಪುಸ್ತಕದ ಪಕ್ಕ ಇಟ್ಟೆವು. ತೋಟದ ಯಾವ ಪಟ್ಟಿಗೆ ಯಾವ ದಿನ ಔಷಧಿ ಹೊಡೆದರು ಎಂಬುದು ಆ ಪುಸ್ತಕದಲ್ಲಿ ಇತ್ತು. ಮೂರು ಗೂಡುಗಳಲ್ಲಿ, ಔಷಧಿಯ ಮರುದಿನ ಮತ್ತು ಅದರ ಮರುದಿನ, ಗೆರೆ ಗಂಟೆಗಟ್ಟಲೆ ಕೆಳಗೆ ಮಲಗಿತ್ತು. ಲಕ್ಷಾಂತರ ರೂಪಾಯಿಯ ಯಂತ್ರಕ್ಕಿಂತ ಆ ದಿನಗೂಲಿ ಪುಸ್ತಕ ನಮಗೆ ಜಾಸ್ತಿ ಹೇಳಿತು.

ಅಕ್ಕನ ಮಾತು

ಇದನ್ನೆಲ್ಲ ಕಣದಲ್ಲಿ ಕೂತು ಮಾತಾಡುತ್ತಿದ್ದಾಗ ಅಕ್ಕ ಕಾಫಿ ತಂದರು. ಸುಮ್ನೆ ಕೇಳಿಸಿಕೊಂಡು ಕೊನೆಗೆ ಹೇಳಿದರು: "ಔಷಧಿ ಹೊಡೆದ ಮೇಲೆ ಎರಡು ಮೂರು ದಿನ ಏರಿನಲ್ಲಿ ಮಡಿವಾಳ ಹಾಡೋದೇ ಇಲ್ಲ ಮೇಷ್ಟ್ರೇ. ನಿಮ್ಗೆ ಗೊತ್ತಿರಲಿಲ್ವಾ?"

ನನಗೆ ಗೊತ್ತಿರಲಿಲ್ಲ. ಎರಡು ವರ್ಷ ಅವರನ್ನು ಒಂದು ಮಾತು ಕೇಳಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಈ ಪ್ರಕರಣದಲ್ಲಿ ನನಗೆ ಜಾಸ್ತಿ ನಾಚಿಕೆ ತಂದದ್ದು ಇದೇ.

ಹಾಡು ನಿಂತರೆ ಹಾರ್ಮೋನು ಕೆಟ್ಟಿತು ಎಂದು ಬರೆದುಬಿಡುವುದು ಸುಲಭ. ಆದರೆ 2008ರಲ್ಲಿ ಬ್ರಿಟನ್ನಿನಿಂದ ಬಂದ ಒಂದು ಕೆಲಸ ನನ್ನ ಕೈ ಹಿಡಿದು ನಿಲ್ಲಿಸಿತು. ಅಲ್ಲಿನ ಕೊಳಚೆ ಶುದ್ಧೀಕರಣ ಘಟಕಗಳ ಹುಳು ತಿನ್ನುವ ಸ್ಟಾರ್ಲಿಂಗ್ ಹಕ್ಕಿಗಳಿಗೆ ಈಸ್ಟ್ರೋಜೆನ್‌ನಂಥ ವಸ್ತುಗಳು ಸೇರುತ್ತವೆ. ಅಂಥವನ್ನು ತಿಂದ ಗಂಡುಗಳು ಕಡಿಮೆ ಹಾಡಲಿಲ್ಲ. ಇನ್ನೂ ಜಾಸ್ತಿ, ಇನ್ನೂ ಚೆನ್ನಾಗಿ ಹಾಡಿದವು. ಹೆಣ್ಣುಗಳು ಅವನ್ನೇ ಮೆಚ್ಚಿದವು. ಆದರೆ ಅವುಗಳ ರೋಗ ತಡೆಯುವ ಶಕ್ತಿ ಕುಗ್ಗಿತ್ತು. ಹಾಡು ಕೇಳಿ ಹಕ್ಕಿಯ ಆರೋಗ್ಯ ಹೇಳುತ್ತೇನೆ ಎನ್ನುವವರಿಗೆ ಇದು ಕಷ್ಟದ ಉದಾಹರಣೆ.

ಮೂರನೇ ವರ್ಷ: ಅರ್ಧ ಸುಣ್ಣ, ಅರ್ಧ ಔಷಧಿ

ಯಜಮಾನರ ಹತ್ತಿರ ಹೋಗಿ "ಔಷಧಿ ನಿಲ್ಲಿಸಿ" ಎಂದರೆ ಆಗುತ್ತಿರಲಿಲ್ಲ. ಒಂದು ಗಿಡ ಹೋದರೆ ಮತ್ತೆ ನೆಟ್ಟು ಫಸಲು ಬರಲು ವರ್ಷಗಳು ಬೇಕು. ಹಕ್ಕಿಗಾಗಿ ತೋಟ ಕಳೆದುಕೊಳ್ಳಿ ಎಂದು ಹೇಳುವ ಹಕ್ಕು ನನಗಿಲ್ಲ. ಅವರೇ ಒಂದು ಲೆಕ್ಕ ಮುಂದಿಟ್ಟರು. ಕಾಫಿ ಸಂಶೋಧನಾ ಕೇಂದ್ರದವರು ಬೋರರ್‌ಗೆ ತೊಗಟೆ ಉಜ್ಜಿ ಸುಣ್ಣ ಬಳಿಯುವುದನ್ನೂ ಹೇಳುತ್ತಾರೆ. 200 ಲೀಟರ್ ನೀರಿಗೆ 20 ಕೆ.ಜಿ. ಸುಣ್ಣ, ಜೊತೆಗೆ ಅಂಟು. ತೊಗಟೆ ನುಣುಪಾದರೆ ದುಂಬಿಗೆ ಮೊಟ್ಟೆ ಇಡಲು ಬಿರುಕು ಸಿಗುವುದಿಲ್ಲ. "ಅರ್ಧ ಏರಿಗೆ ಸುಣ್ಣ ಬಳಿಸ್ತೀನಿ. ಗಿಡ ಹೋದ್ರೆ ಮುಂದಿನ ವರ್ಷ ಪೆಟ್ಟಿಗೆ ಎಲ್ಲ ಬಿಚ್ಚಬೇಕು, ಒಪ್ಪಿಗೆನಾ?" ಒಪ್ಪಿಗೆ ಎಂದೆ.

ಈ ಅರ್ಧರ್ಧದಿಂದ ನಾವು ಬಯಸದ ಒಂದು ಲಾಭವಾಯಿತು. ವಿದ್ಯಾರ್ಥಿನಿಗೆ ಮೊದಲಿಂದಲೂ ಒಂದು ಕೊರೆತ ಇತ್ತು. ಔಷಧಿ ಹೊಡೆಯಲು ಹತ್ತು ಜನ ಬರುತ್ತಾರೆ, ಮಾತು, ನಗು, ಡ್ರಮ್ ಎಳೆಯುವ ಸದ್ದು. ಹಕ್ಕಿ ಔಷಧಿಯಿಂದಲ್ಲ, ಜನರಿಂದ ಹೆದರಿ ಹೋಗಿರಬಹುದಲ್ಲ? ಸುಣ್ಣ ಬಳಿಯಲೂ ಅಷ್ಟೇ ಜನ ಬೇಕು. ಇನ್ನೂ ಸ್ವಲ್ಪ ಜಾಸ್ತಿಯೇ. ಹಾಗಾಗಿ ಗದ್ದಲ ಎರಡೂ ಕಡೆ ಸಮ. ಮೇಲು ಕೆಳಗು, ಅರೇಬಿಕಾ ರೋಬಸ್ಟಾ ಎಂಬ ತಕರಾರೂ ಇಲ್ಲ.

ಸುಣ್ಣದ ಕಡೆ 5 ಗೂಡು, 21 ಮೊಟ್ಟೆ, 16 ಮರಿ. ಔಷಧಿಯ ಕಡೆ 4 ಗೂಡು, 16 ಮೊಟ್ಟೆ, 7 ಮರಿ.

ಸುಣ್ಣದ ಕಡೆ ಜನ ಇದ್ದಷ್ಟು ಹೊತ್ತು ಗೆರೆ ಏರಿಳಿಯಿತು. ಸಂಜೆಗೆ ಸರಿಹೋಯಿತು. ಔಷಧಿಯ ಕಡೆ ಎರಡು ಗೂಡುಗಳಲ್ಲಿ ಜನ ಹೋದ ಮೇಲೂ, ಮರುದಿನವೂ ಹೆಣ್ಣು ಒಂದೊಂದು ಗಂಟೆ ಬರಲೇ ಇಲ್ಲ. ಬೆಳಗಿನ ಹಾಡನ್ನು ಅಕ್ಕನೇ ಎಣಿಸಿದರು. ಅವರು ಹೇಳಿದಂತೆಯೇ ಆಯಿತು.

ಒಂಬತ್ತು ಗೂಡು ನೋಡಿ ಜಗತ್ತಿಗೆ ತೀರ್ಪು ಕೊಡಲಾಗದು. ಇನ್ನೊಂದು ತೊಡಕೂ ಇದೆ. ಔಷಧಿ ಹುಳುಗಳನ್ನೂ ಕೊಲ್ಲುತ್ತದೆ. ಊಟ ಸಿಗದೆ ಹೆಣ್ಣು ದೂರ ಹೋಗಿರಬಹುದು. ಹಸಿವೋ, ನರವೋ, ಹಾರ್ಮೋನೋ ಎಂದು ಬಿಡಿಸಲು ರಕ್ತ ಬೇಕು. ಕಿಣ್ವ ಮತ್ತು ಪ್ರೊಲ್ಯಾಕ್ಟಿನ್ ಅಳೆಯಬೇಕು. ಅದಕ್ಕೆ ಕಾವು ಕೂತ ಹೆಣ್ಣನ್ನೇ ಬಲೆಯಲ್ಲಿ ಹಿಡಿಯಬೇಕು. ಒಂದು ಇಡೀ ಸಂಜೆ ಚರ್ಚೆ ಮಾಡಿ ಬೇಡ ಎಂದೆವು. ವಿದ್ಯಾರ್ಥಿನಿಗೆ ಇದರಿಂದ ನಷ್ಟವಾಯಿತು, ಅವಳ ಪ್ರಬಂಧದಲ್ಲಿ ಈ ತೋಟ ಒಂದು ಪ್ಯಾರಾ ಮಾತ್ರ. ಅವಳ ಜಾಗದಲ್ಲಿದ್ದರೆ ನಾನು ಒಪ್ಪುತ್ತಿದ್ದೆನೋ ಇಲ್ಲವೋ.

ಯಜಮಾನರಿಗೆ ಬೇಕಿದ್ದುದು ಬೋರರ್ ಲೆಕ್ಕ. ಸೆಪ್ಟೆಂಬರಿನಲ್ಲಿ ಗಿಡ ಗಿಡ ನೋಡಿ ಬೋರರ್ ಹೊಡೆದವನ್ನು ಗುರುತು ಹಾಕಿದಾಗ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಇತ್ತು. ಸುಣ್ಣದ ಕೂಲಿ ಮಾತ್ರ ಜಾಸ್ತಿ ಬಂತು. ಮಳೆ ಬೇಗ ಶುರುವಾಗಿ ಒಂದು ಪಟ್ಟಿಗೆ ಎರಡನೇ ಸಲ ಬಳಿಯಬೇಕಾಯಿತು.

ಅವರು ಕೊನೆಗೆ ಮಾಡಿದ ತೀರ್ಮಾನ ನನ್ನದಕ್ಕಿಂತ ಜಾಣತನದ್ದು. ಮಾರ್ಚಿನಲ್ಲಿ ಬೋರರ್ ಗಿಡಗಳನ್ನು ಹುಡುಕಿ ಕಿತ್ತು ಸುಡುವುದು. ಏಪ್ರಿಲಿನಲ್ಲಿ ಉಜ್ಜುವುದು, ಸುಣ್ಣ. ಪಶ್ಚಿಮದ ಬಿಸಿಲು ಬೀಳುವ ಕಡೆ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವುದು, ಕಡಿಮೆ ಮಾಡಿ ನೆರಳು ಉಳಿಸುವುದು, ಬೋರರ್‌ಗೆ ನೆರಳು ಆಗದು. ಕ್ಲೋರ್‌ಪೈರಿಫಾಸ್ ಬೇಕೇ ಬೇಕಾದರೆ ಅಕ್ಟೋಬರಿನ ನಂತರ, ಮಡಿವಾಳನ ಪೆಟ್ಟಿಗೆ ಖಾಲಿ ಇರುವಾಗ. ಚಳಿಗಾಲಕ್ಕೆ ಬಡಗಿನಿಂದ ಬರುವ ಉಲಿಯಕ್ಕಿಗಳು ಆಗ ಅದೇ ಗಿಡಗಳಲ್ಲಿ ಹುಳು ಹುಡುಕುತ್ತಿರುತ್ತವೆ ಎಂದು ನಾನು ಗೊಣಗಿದೆ. "ಮೇಷ್ಟ್ರೇ, ಒಂದೊಂದಾಗಿ ಬನ್ನಿ" ಎಂದರು.

ಯಾರಾದರೂ ಇಂಥ ಕೆಲಸಕ್ಕೆ ಇಳಿಯುವುದಾದರೆ ನಾನು ಹೇಳುವುದು ಇಷ್ಟು: ಲ್ಯಾಬಿಗೆ ಮೊಟ್ಟೆ ಕಳಿಸುವ ಮೊದಲು ಔಷಧಿ ಹೊಡೆದ ದಿನಾಂಕಗಳನ್ನು ಬರೆದಿಡಿ. ನಾನು ಅದನ್ನು ಮೊದಲ ವರ್ಷವೇ ಕೇಳಿದ್ದರೆ ರೈಟರ್ ಐದು ನಿಮಿಷದಲ್ಲಿ ಕೊಡುತ್ತಿದ್ದರು.

ಶೆಡ್ಡಿನ ಬಿಳಿ ಪುಡಿಯ ಕಥೆ ಮುಗಿದಿಲ್ಲ. ಏರಿನ ಮೊಟ್ಟೆಗಳನ್ನು ಅದು ಕೊಂದಿರಲಿಕ್ಕಿಲ್ಲ, ಆದರೂ ಅದು ಅಲ್ಲಿರಬಾರದು. ಚೀಲಗಳನ್ನು ಪ್ಲಾಸ್ಟಿಕ್ ಡ್ರಮ್ಮಿಗೆ ತುಂಬಿ, ಮುಚ್ಚಳ ಬಿಗಿದು, ಗೋಡೆ ಕಟ್ಟಿಸಿ ಬೀಗ ಹಾಕಿದ್ದಾಯಿತು. ಯಾರಿಗೆ ಒಪ್ಪಿಸಬೇಕೆಂದು ಕೇಳಿ ಯಜಮಾನರು ಎರಡು ಪತ್ರ ಬರೆದರು. ಉತ್ತರ ಬಂದಿಲ್ಲ. ಕಳೆದ ಏಪ್ರಿಲಿನಲ್ಲಿ ಹೋದಾಗ ಆ ಶೆಡ್ಡಿನ ಸೂರಿನ ಸಂದಿಯೊಳಗೆ ಬೂದು ಬಣ್ಣದ ಹೆಣ್ಣೊಂದು ಒಣಹುಲ್ಲು ಹೊತ್ತು ಹೋಗುತ್ತಿತ್ತು. ಅಕ್ಕ ಏಣಿ ತಂದರು. ಮೊಟ್ಟೆ ಇನ್ನೂ ಇರಲಿಲ್ಲ. ಸಂದಿಗೆ ಹಲಗೆ ಹೊಡೆದು, ಎದುರಿನ ಹಲಸಿನ ಮರಕ್ಕೆ ಹದಿನೇಳನೇ ಪೆಟ್ಟಿಗೆ ಕಟ್ಟಿದೆವು.